ಕೆರ್ರಿ ಹಸುವಿನ ಬೆಣ್ಣೆ: ಮಾರ್ಚ್‌ನಿಂದ ಜೂನ್‌ವರೆಗಿನ ಪ್ರಗತಿ

ಮಾರ್ಚ್

ಜಾಗ ಐರ್ಲೆಂಡಿನ ನೈಋತ್ಯ ಕರಾವಳಿಯ ಕೆರ್ರಿ ಕೌಂಟಿ. ಹಸುಗಳು ಅಲ್ಲಿನದೇ ತಳಿ: ಮೈಯೆಲ್ಲ ಕಪ್ಪು, ಕೆಚ್ಚಲಿನ ಬಳಿ ಮಾತ್ರ ಚೂರು ಬಿಳಿ ಇರಬಹುದು. ಈ ತಳಿಯ ವಂಶಾವಳಿ ದಾಖಲೆ 1890ರಲ್ಲೇ ಶುರುವಾಗಿದೆ. ತೂಕ 350–450 ಕೆ.ಜಿ. ಹೆಚ್ಚು ಹಾಲು ಕೊಡುವ ದೊಡ್ಡ ತಳಿಯಾದ ಹೋಲ್‌ಸ್ಟೀನ್‌ಗೆ ಹಾಕುವಷ್ಟು ಹಿಂಡಿ ಇವಕ್ಕೆ ಹಾಕಿದರೆ ಹಾಲು ಏರುವುದಿಲ್ಲ, ಮೈಯ ಕೊಬ್ಬು ಏರುತ್ತದೆ; ಮುಂದಿನ ಸಲ ಕರು ಹಾಕುವಾಗ ತೊಂದರೆ. ಹಾಗಾಗಿ ಈಗಿನ ಮೇವು ಸೈಲೇಜ್ (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿ ಮೇವು) ಮತ್ತು ಹುಲ್ಲು, ಹಿಂಡಿ ಹಾಲು ಕರೆಯುವ ಹೊತ್ತಿಗೆ ಮಾತ್ರ.

ಏಪ್ರಿಲ್–ಮೇ

ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ. ಆ ಕೊರತೆಯಿಂದ ಕರೆಯುವ ಹಸು ನಡುಗಿ, ತೂರಾಡಿ, ಗಂಟೆಗಳಲ್ಲೇ ಸಾಯಬಹುದು. ಹಸುವೊಂದಕ್ಕೆ ದಿನಕ್ಕೆ 60 ಗ್ರಾಂ ಕ್ಯಾಲ್ಸಿನ್ಡ್ ಮ್ಯಾಗ್ನಸೈಟ್ (ಮೆಗ್ನೀಸಿಯಂ ಇರುವ ಪುಡಿ) ಹಿಂಡಿಯಲ್ಲಿ ಬೆರೆಸಿ ಕೊಡಲಾಗುತ್ತಿದೆ. ಪುಡಿಯ ರುಚಿ ಹಸುಗಳಿಗೆ ಹಿಡಿಸುವುದಿಲ್ಲ. ಕಾಕಂಬಿ ಸೇರಿಸದಿದ್ದರೆ ಹಿಂಡಿ ಗೋದಲೆಯಲ್ಲೇ ಉಳಿಯುತ್ತದೆ.

ಜೌಗು ಮೂಲೆಗಳಿಗೆ ಬೇಲಿ ಮುಗಿಯಿತು. ಯಕೃತ್ತಿನ ಹುಳವನ್ನು ಹರಡುವ ಕೆಸರು ಬಸವನಹುಳು ಇರುವುದೇ ಅಲ್ಲಿ. ಇದಕ್ಕೆ ಕೊಡುವ ಹಲವು ಔಷಧಿಗಳ ಅಂಶ ಹಾಲಿಗೆ ಇಳಿಯುವುದರಿಂದ ಚಿಕಿತ್ಸೆಯನ್ನು ಹಸು ಬತ್ತಿಸಿದ ಕಾಲಕ್ಕೆ, ಪಶುವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಬೇಕು.

ಜೂನ್

ಈಗ ಬೆಣ್ಣೆ. ಕೆರ್ರಿ ಹಾಲಿನಲ್ಲಿ ಕೊಬ್ಬು ಸುಮಾರು ಶೇ 4, ಆದರೆ ಅದರ ಕಣಗಳು ಸಣ್ಣವು. ಅಗಲ ಪಾತ್ರೆಯಲ್ಲಿಟ್ಟರೆ ಕೆನೆ ನಿಧಾನವಾಗಿ ಮೇಲೇರುತ್ತದೆ, ಕೆಳಗಿನ ಹಾಲಿನಲ್ಲೂ ಸಾಕಷ್ಟು ಉಳಿದುಬಿಡುತ್ತದೆ. ಕೆನೆ ತೆಗೆಯುವ ಯಂತ್ರ ವಾಸಿ. ಹಾಲು 35–40 ಡಿಗ್ರಿ ಬಿಸಿ ಇರಬೇಕು. ಒಂದು ಕೆ.ಜಿ. ಬೆಣ್ಣೆಗೆ ನಷ್ಟವೂ ಸೇರಿ 22–24 ಲೀಟರ್ ಹಾಲು ಎಂದು ಲೆಕ್ಕ.

ನಮ್ಮ ಕಡೆ ಹಾಲಿಗೇ ಹೆಪ್ಪು ಹಾಕಿ ಮೊಸರು ಕಡೆಯುತ್ತೇವೆ. ಇಲ್ಲಿ ಹುಳಿ ಬರಿಸುವುದು ಕೆನೆಗೆ. ಕಾಯಿಸಿ ಆರಿಸಿದ ಕೆನೆಗೆ ಹೆಪ್ಪು ಸೇರಿಸಿ 20 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು. ಆಮೇಲೆ ತಣ್ಣಗಿಟ್ಟು, 12–13 ಡಿಗ್ರಿಗೆ ತಂದು ಕಡೆಯುವುದು. ಕೊಬ್ಬು ಒಳಗೆ ಗಟ್ಟಿಯಾಗಲು ಈ ತಂಪಿನ ಗಂಟೆಗಳು ಬೇಕೇ ಬೇಕು. ಅವಸರಪಟ್ಟರೆ ಬೆಣ್ಣೆ ಜಿಡ್ಡುಜಿಡ್ಡಾಗಿ ಬರುತ್ತದೆ, ಮಜ್ಜಿಗೆಯೂ ಬೆಳ್ಳಗೆ ದಪ್ಪಗಿರುತ್ತದೆ. ಕೊಬ್ಬು ಅದರೊಡನೆ ಹೋಯಿತೆಂದೇ ಅರ್ಥ. ಕಡೆಯುವ ಪೀಪಾಯಿ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಕೆನೆ ನೊರೆಯಾಗಿ ಉಬ್ಬಿ ಅಲ್ಲೇ ನಿಂತರೆ ಉಷ್ಣತೆ ನೋಡಿ: ತೀರಾ ತಣ್ಣಗಿದ್ದರೆ ಒಂದೆರಡು ಡಿಗ್ರಿ ಏರಿಸಿದರೆ ಸಾಕು.

ಬೆಣ್ಣೆಯ ಕಾಳುಗಳು ಗೋಧಿ ಕಾಳಿನಷ್ಟು ಗಾತ್ರಕ್ಕೆ ಬಂದ ಕೂಡಲೇ ಕಡೆಯುವುದನ್ನು ನಿಲ್ಲಿಸಬೇಕು. ಉಂಡೆ ಕಟ್ಟಿದ ಮೇಲೆ ಒಳಗಿನ ಮಜ್ಜಿಗೆ ತೊಳೆದರೂ ಹೋಗುವುದಿಲ್ಲ, ವಾರದೊಳಗೆ ಮುಗ್ಗಲು ವಾಸನೆ. ನೀರು ತಿಳಿಯಾಗುವವರೆಗೆ ತಣ್ಣೀರಲ್ಲಿ ತೊಳೆದು, ಶೇ 2ರಷ್ಟು ಉಪ್ಪು ಬೆರೆಸಿ, ತಣ್ಣೀರಲ್ಲಿ ನೆನೆಸಿದ ಮರದ ಹಲಗೆಗಳಿಂದ ಒತ್ತಿ ನೀರು ಹಿಂಡುವುದು. ಒಣ ಹಲಗೆಗೆ ಬೆಣ್ಣೆ ಅಂಟುತ್ತದೆ. ಹಿಂದೆ ಕೆರ್ರಿಯ ಬೆಣ್ಣೆ ಮರದ ಪೀಪಾಯಿಗಳಲ್ಲಿ, 1748ರ ಹೊತ್ತಿಗೆ ಆದ ‘ಬೆಣ್ಣೆ ರಸ್ತೆ’ಯಲ್ಲಿ ಕಾರ್ಕ್ ನಗರಕ್ಕೆ ಹೋಗುತ್ತಿತ್ತು, ಅಲ್ಲಿಂದ ಹಡಗಿಗೆ. ಅಷ್ಟು ದೂರಕ್ಕೆ ಶೇ 2 ಉಪ್ಪು ಸಾಲುತ್ತಿರಲಿಲ್ಲ.

ಮುಂದಿನದು ಚಳಿಗಾಲದ ಕೆನೆ. ಹುಲ್ಲು ಇಲ್ಲದಾಗ ಕೊಬ್ಬು ಗಟ್ಟಿ, ಆದ್ದರಿಂದ ಕಡೆಯುವುದು 14–15 ಡಿಗ್ರಿಯಲ್ಲಿ. ಬತ್ತುತ್ತಿರುವ ಹಸುವಿನ ಹಾಲೊಂದನ್ನೇ ಬಳಸಿದರೆ ಕಡೆದರೂ ಬೆಣ್ಣೆ ಬರುವುದು ಕಷ್ಟ. ಹೊಸದಾಗಿ ಕರು ಹಾಕಿದ ಹಸುವಿನ ಹಾಲು, ಗಿಣ್ಣು ಮುಗಿದ ಮೇಲೆ, ಅದರೊಡನೆ ಬೆರೆಸಬೇಕು.