ಕವಡೆ ಎಸೆದು ಕಲಿತ ಸಂಭವನೀಯತೆ

ಪದವಿಯ ಮೊದಲ ವರ್ಷದವರಿಗೆ ಸಂಭವನೀಯತೆಯನ್ನು ಸೂತ್ರದಿಂದ ಆರಂಭಿಸುವುದನ್ನು ನಾನು ಬಿಟ್ಟು, ಚೌಕಾಬಾರದ ನಾಲ್ಕು ಕವಡೆಗಳನ್ನು ಅವರ ಕೈಗೆ ಕೊಡುತ್ತೇನೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು ಎಂಬ ಲೆಕ್ಕ ಹಲವರಿಗೆ ಮನೆಯಲ್ಲೇ ಗೊತ್ತಿರುತ್ತದೆ.

ಕವಡೆಯ ಎರಡು ಮಗ್ಗುಲೂ ಸಮಾನವೆಂದುಕೊಂಡರೆ ಚೌಕದ ಸಂಭವನೀಯತೆ ಹದಿನಾರರಲ್ಲಿ ಒಂದು, ಎಂಟರದ್ದೂ ಅಷ್ಟೇ. ಹಾಗಾದರೆ 16 ಬಾರಿ ಎಸೆದಾಗ ಒಂದು ಚೌಕವಾದರೂ ಬರಲೇಬೇಕೆಂದು ಮಕ್ಕಳು ನಂಬುತ್ತಾರೆ. ಎಸೆದು ನೋಡಿದಾಗ ಕೆಲವರಿಗೆ ಒಂದೂ ಬರುವುದಿಲ್ಲ, ಕೆಲವರಿಗೆ ಮೂರು ಬರುತ್ತವೆ. ಒಂದೂ ಬಾರದಿರುವ ಸಂಭವನೀಯತೆಯೇ ಸುಮಾರು ಶೇ. 36 ಎಂದು ಆಮೇಲೆ ಲೆಕ್ಕ ಹಾಕಿದಾಗ, ಆ ಸಂಖ್ಯೆ ಅವರಿಗೆ ತಮ್ಮದೇ ಅನುಭವದ ಹೆಸರಿನಂತೆ ಕಾಣುತ್ತದೆ.

ಇಡೀ ತರಗತಿಯ ಎಣಿಕೆಯನ್ನು ಕರಿಹಲಗೆಯ ಮೇಲೆ ಕಂಬನಕ್ಷೆಯಾಗಿ ಬರೆಯುವ ಹೊತ್ತು ನನಗೆ ಬಹಳ ಪ್ರಿಯ. ಆದರೆ ನಾವು ಎರಡು ಮಗ್ಗುಲೂ ಸಮಾನವೆಂದುಕೊಂಡ ಕವಡೆ ನಾಣ್ಯದಂತೆ ಸಮರೂಪದ ವಸ್ತುವಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳು. ಅದು ಬಾಯಿ ಮೇಲಾಗಿ ಬೀಳುವ ಸಂಭವನೀಯತೆ 0.5ರ ಬದಲು 0.6 ಇದ್ದರೆ ಚೌಕ ಶೇ. 13ರಷ್ಟಕ್ಕೆ ಏರಿ, ಎಂಟು ಶೇ. 2.6ಕ್ಕೆ ಇಳಿಯುತ್ತದೆ. ಸಣ್ಣ ವಾಲುವಿಕೆಯೊಂದು ನಾಲ್ಕನೆಯ ಘಾತಕ್ಕೇರಿ ಇಷ್ಟು ದೊಡ್ಡದಾಗುವುದನ್ನು ಕಂಡ ವಿದ್ಯಾರ್ಥಿನಿಯೊಬ್ಬಳು, ತನ್ನ ಅಜ್ಜಿಯ ಕವಡೆಗಳನ್ನು ತಂದು ಅವು ಬಾಯಿ ಮೇಲಾಗಿ ಬೀಳುವ ನಿಜವಾದ ಸಂಭವನೀಯತೆಯನ್ನು ಅಂದಾಜಿಸಲು ಎಷ್ಟು ಸಲ ಎಸೆಯಬೇಕೆಂದು ಕೇಳಿದಳು. ಮರುದಿನದ ಪಾಠ ಅಲ್ಲಿಂದಲೇ ಶುರುವಾಯಿತು.