ದಮಾಸ್ಕಸ್‌ನಿಂದ ಬರ್ಲಿನ್‌ಗೆ ಕಸೂತಿ: ಕಡಲಿನ ಭಾಗ ಮುಗಿಯಿತು

ಟರ್ಕಿಯ ದಡದಿಂದ ಗ್ರೀಸ್‌ನ ಲೆಸ್ಬೋಸ್ ದ್ವೀಪದವರೆಗಿನ ದಾರಿಯ ಕಸೂತಿ ತುಂಡನ್ನು ನಿನ್ನೆ ರಿಂಗಿನಿಂದ ಬಿಡಿಸಿ, ತಣ್ಣೀರಲ್ಲಿ ಅದ್ದಿ, ನೆರಳಲ್ಲಿ ಹರವಿದೆ. ಬಣ್ಣ ಬಿಟ್ಟಿಲ್ಲ. ದಾರವನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿದ್ದು ಒಳ್ಳೆಯದಾಯಿತು, ಕೆಂಪು ದಾರಕ್ಕಂತೂ ಅದು ಬೇಕೇ ಬೇಕು. ಬರ್ಲಿನ್ ಇನ್ನೂ ದೂರ ಇದೆ.

ಹೊಸದಾಗಿ ಓದುತ್ತಿರುವವರಿಗಾಗಿ ಎರಡು ಮಾತು. ಸ್ಯಾಲಿ ಎಲ್ ಹೊಸೈನಿ ನಿರ್ದೇಶಿಸಿದ ‘ದಿ ಸ್ವಿಮ್ಮರ್ಸ್’ 2022ರಲ್ಲಿ ಬಂದ ಚಿತ್ರ. ಸಿರಿಯಾದ ಈಜುಗಾರ್ತಿಯರಾದ ಸಾರಾ ಮತ್ತು ಯುಸ್ರಾ ಮರ್ದಿನಿ ಎಂಬ ಅಕ್ಕತಂಗಿಯರು 2015ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಜರ್ಮನಿ ಸೇರಿದ ನಿಜ ಕಥೆ ಅದು. ಪಾತ್ರ ಮಾಡಿದ ಮನಾಲ್ ಇಸ್ಸಾ, ನಥಾಲಿ ಇಸ್ಸಾ ಕೂಡ ಒಡಹುಟ್ಟಿದವರೇ. ಜಗಳ, ಸಿಟ್ಟು, ಮಾತಿಲ್ಲದೆ ಒಬ್ಬರನ್ನೊಬ್ಬರು ಕಾಯುವುದು, ಎಲ್ಲದರಲ್ಲೂ ಅದು ಎದ್ದು ಕಾಣುತ್ತದೆ. ಆ ದಾರಿಯನ್ನು ಎಳೆ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಮೇಲೆ ನಮ್ಮ ಕಸೂತಿಯ ಗವಂತಿ ಹೊಲಿಗೆಯಲ್ಲಿ ಮೂಡಿಸುತ್ತಿದ್ದೇನೆ. ಅಕ್ಕ ಸಾರಾಗೆ ಕೆಂಪು ಎಳೆ, ತಂಗಿ ಯುಸ್ರಾಗೆ ನೀಲಿ ಎಳೆ, ಎರಡೂ ಒಂದೇ ಸೂಜಿಯಲ್ಲಿ.

ಈ ಕೆಲಸದಲ್ಲಿ ಹೊಲಿಗೆಗಿಂತ ಹೆಚ್ಚು ತಲೆ ತಿಂದಿದ್ದು ಅಳತೆ. ದಮಾಸ್ಕಸ್‌ನಿಂದ ಬರ್ಲಿನ್‌ಗೆ ನೇರ ಗೆರೆ ಎಳೆದರೂ ಎರಡೂವರೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು. ಅದರಲ್ಲಿ ಟರ್ಕಿಗೂ ಲೆಸ್ಬೋಸ್‌ಗೂ ನಡುವಿನ ನೀರು, ಕಿರಿದಾದ ಕಡೆ, ಹತ್ತು ಕಿಲೋಮೀಟರಿನ ಆಸುಪಾಸು. ದೂರದ ಲೆಕ್ಕ ಹಿಡಿದರೆ ಇಡೀ ಕಡಲಿಗೆ ಒಂದು ಹೊಲಿಗೆಯೂ ಸಿಗುವುದಿಲ್ಲ. ದಮಾಸ್ಕಸ್‌ನಿಂದ ಬೈರೂತ್, ಅಲ್ಲಿಂದ ವಿಮಾನದಲ್ಲಿ ಇಸ್ತಾಂಬುಲ್, ಇಷ್ಟಕ್ಕೇ ಬಟ್ಟೆಯ ದೊಡ್ಡ ಭಾಗ ಹೋಗುತ್ತದೆ. ಆದರೆ ಅದು ಎಲ್ಲ ಪ್ರಯಾಣಿಕರಂತೆ ಟಿಕೆಟ್ ತೆಗೆದು, ಸೀಟಿನಲ್ಲಿ ಕೂತು ಹೋದ ದಾರಿ. ಜೀವ ಪಣಕ್ಕಿಟ್ಟಿದ್ದು ಆ ಹತ್ತು ಕಿಲೋಮೀಟರಿನಲ್ಲಿ.

ಇಸ್ತಾಂಬುಲ್‌ವರೆಗೆ ವಿಮಾನದಲ್ಲಿ ಬಂದವರು ಬರ್ಲಿನ್‌ಗೂ ವಿಮಾನ ಹತ್ತಬಹುದಿತ್ತಲ್ಲ ಎಂದು ಚಿತ್ರ ನೋಡಿದವರು ಬಹಳ ಮಂದಿ ನನ್ನನ್ನು ಕೇಳಿದ್ದಾರೆ. ವೀಸಾ ಇಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ದಂಡ ಹಾಕಬೇಕು ಎಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2001ರಿಂದ ಗಟ್ಟಿಯಾಗಿದೆ. ಹಾಗಾಗಿ ಕೈಯಲ್ಲಿ ದುಡ್ಡಿದ್ದರೂ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಆಶ್ರಯ ಕೇಳುವ ಹಕ್ಕು ಯುರೋಪಿನ ನೆಲ ಮುಟ್ಟಿದ ಮೇಲೆ ಸಿಗುತ್ತದೆ, ಆ ನೆಲ ಮುಟ್ಟಲು ನೆಟ್ಟಗಿನ ದಾರಿ ಮಾತ್ರ ಇಲ್ಲ. ಟರ್ಕಿಯ ಐವಾಲಿಕ್‌ನಿಂದ ಲೆಸ್ಬೋಸ್‌ನ ಮಿಟಿಲಿನಿಗೆ ಪ್ರವಾಸಿಗರ ದೋಣಿ ಓಡಾಡುತ್ತದೆ. ಅದೇ ನೀರನ್ನು ದಾಟಲು ನಿರಾಶ್ರಿತರು ದಲ್ಲಾಳಿಗೆ ತಲೆಗೆ ಸಾವಿರ ಡಾಲರಿನಷ್ಟು ಕೊಟ್ಟು ರಬ್ಬರ್ ದೋಣಿ ಹತ್ತುತ್ತಿದ್ದರು. ಇದನ್ನು ಓದಿದ ಮೇಲೆ ನನಗೆ ಒಂದು ಸ್ಪಷ್ಟವಾಯಿತು. ಈ ದಾರಿಯನ್ನು ಉದ್ದ ಮಾಡಿದ್ದು ಭೂಗೋಳವಲ್ಲ, ಕಾಗದ. ಅಂದಮೇಲೆ ಅಳೆಯಬೇಕಾದ್ದು ದೂರವನ್ನಲ್ಲ, ಹೊತ್ತನ್ನು.

ನೆಲದ ಮೇಲಿನ ಪ್ರಯಾಣಕ್ಕೆ ಗಂಟೆಗೊಂದು ಹೊಲಿಗೆ ಎಂದು ಇಟ್ಟುಕೊಂಡೆ. ಪ್ರತಿ ಹೊಲಿಗೆಗೂ ಬಟ್ಟೆಯ ನಾಲ್ಕು ಎಳೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಈ ಲೆಕ್ಕದಲ್ಲಿ ಬೈರೂತ್–ಇಸ್ತಾಂಬುಲ್ ವಿಮಾನ ಎರಡೇ ಹೊಲಿಗೆ. ದೋಣಿಗಾಗಿ ಟರ್ಕಿಯ ದಡದ ಪೊದೆಗಳ ನಡುವೆ ದಿನಗಟ್ಟಲೆ ಕಾದ ಹೊತ್ತು ಮಾತ್ರ ಸುತ್ತಿ ಸುತ್ತಿ ಗೋಪುರದ ಮೆಟ್ಟಿಲುಗಳ ಹಾಗೆ ಬೆಳೆಯಿತು. ಕಸೂತಿಯಲ್ಲಿ ದಾರ ಅಡ್ಡ, ಉದ್ದ, ಓರೆ ಮಾತ್ರ ಓಡುತ್ತದೆ, ಬಾಗುವುದಿಲ್ಲ. ಕಾಯುವಿಕೆಗೆ ಆ ಗಡಸು ಮೂಲೆಗಳು ಚೆನ್ನಾಗಿ ಒಪ್ಪಿವೆ.

ಕಡಲಿಗೆ ಬಂದಾಗ ಅಳತೆ ಬದಲಿಸಿದೆ. ಅಲ್ಲಿ ನಿಮಿಷಕ್ಕೊಂದು ಹೊಲಿಗೆ.

ಆರೇಳು ಜನ ಕೂರಬಹುದಾದ ದೋಣಿಯಲ್ಲಿ ಹತ್ತಿರಹತ್ತಿರ ಇಪ್ಪತ್ತು ಮಂದಿ. ಮುಕ್ಕಾಲು ಗಂಟೆಯ ದಾರಿ ಅಂದಿದ್ದರು. ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ನಿಂತಿತು, ನೀರು ಒಳಗೆ ಬರತೊಡಗಿತು. ಭಾರ ಇಳಿಸಲು ಮೊದಲು ಸಾರಾ ನೀರಿಗಿಳಿದಳು, ಹಿಂದೆಯೇ ಯುಸ್ರಾ. ಈಜು ಬಲ್ಲ ಇನ್ನಿಬ್ಬರೂ ಇಳಿದರು. ಹಗ್ಗ ಹಿಡಿದು ದೋಣಿಯ ಮೂತಿ ಅಲೆಗೆ ಎದುರಾಗಿ ಇರುವಂತೆ ನೋಡಿಕೊಂಡು ಮೂರೂವರೆ ಗಂಟೆ. ಅಂದರೆ 210 ಹೊಲಿಗೆ. ಯುಸ್ರಾಗೆ ಆಗ 17 ವರ್ಷ, ಸಾರಾಗೆ 20. ಈಜುಕೊಳದಲ್ಲಿ ಬೆಳೆದ ಯುಸ್ರಾ ಆ ದಿನದ ನಂತರ ತೆರೆದ ಕಡಲೆಂದರೆ ಆಗದು ಎಂದು ಹೇಳಿಕೊಂಡಿದ್ದಾಳೆ.

ಈ 210 ಹೊಲಿಗೆಗಳನ್ನೂ ಒಂದಕ್ಕೊಂದು ಒತ್ತಿಕೊಂಡಂತೆ ಹಾಕಿದ್ದೇನೆ. ಎಳೆ ಎಣಿಸುತ್ತ ಕೂತಾಗ ಚಿತ್ರದ ಆ ಭಾಗ ಏಕೆ ಅಷ್ಟು ಉದ್ದ ಇದೆ ಎಂಬುದು ಕೈಗೇ ಅರ್ಥವಾಗುತ್ತದೆ. ನಿರ್ದೇಶಕಿ ಅಲ್ಲಿ ಅವಸರ ಮಾಡುವುದಿಲ್ಲ. ಕತ್ತಲಾಗುತ್ತದೆ, ಪ್ರಾರ್ಥನೆ ನಡೆಯುತ್ತದೆ, ಸಾಮಾನು ಎಸೆಯುತ್ತಾರೆ, ಮತ್ತೂ ದಡ ಬಂದಿರುವುದಿಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸಿದ್ದು ಇದೇ.

ಲೆಸ್ಬೋಸ್ ದಡದಲ್ಲಿ ಬಿಸಾಡಿದ ಲೈಫ್ ಜಾಕೆಟ್‌ಗಳ ಗುಡ್ಡ ಬರುತ್ತದೆ, ಚಿತ್ರದಲ್ಲೂ, ನಿಜದಲ್ಲೂ. 2015ರ ಒಂದೇ ವರ್ಷ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿ ಗ್ರೀಸ್ ಸೇರಿದರು, ಹೆಚ್ಚಿನವರು ಇಳಿದದ್ದು ಈ ದ್ವೀಪದಲ್ಲಿ. ಆ ಗುಡ್ಡಕ್ಕೆ ಮುರ್ಗಿ ಹೊಲಿಗೆ ಇಟ್ಟುಕೊಂಡಿದ್ದೇನೆ, ಅದರ ಅಂಕುಡೊಂಕು ಪೇರಿಸಿದ ರಾಶಿಗೆ ಸರಿಹೊಂದುತ್ತದೆ. ಕಿತ್ತಳೆ ದಾರದಲ್ಲಿ ನಾಲ್ಕು ಬಗೆ ತಂದು ನೋಡಿದೆ. ಮೂರು ತೀರಾ ಹಬ್ಬದ ಸೀರೆಯ ಕಳೆ ಕೊಟ್ಟವು. ಬಿಸಿಲಿಗೆ ಮಾಸಿದಂಥ ನಾಲ್ಕನೆಯದನ್ನು ಇಟ್ಟುಕೊಂಡಿದ್ದೇನೆ.

ಮುಂದೆ ಅಥೆನ್ಸ್, ಮ್ಯಾಸಿಡೋನಿಯಾ, ಬೆಲ್‌ಗ್ರೇಡ್. ಇಲ್ಲಿ ಗಂಟೆಗೊಂದು ಹೊಲಿಗೆ ಸರಾಗ ಸಾಗುತ್ತದೆ. ಕಷ್ಟ ಇರುವುದು ಸರ್ಬಿಯಾ–ಹಂಗೇರಿ ಗಡಿಯಲ್ಲಿ. ಆಶ್ರಯದ ಅರ್ಜಿಯನ್ನು ಯಾವ ದೇಶ ನೋಡಬೇಕು ಎಂದು ಹೇಳುತ್ತಿದ್ದ ಯುರೋಪಿಯನ್ ಒಕ್ಕೂಟದ ಆಗಿನ ಡಬ್ಲಿನ್ ನಿಯಮದ ಪ್ರಕಾರ, ಮೊದಲು ಬೆರಳಚ್ಚು ಕೊಟ್ಟ ದೇಶವೇ ಅರ್ಜಿ ವಿಚಾರಿಸಬೇಕು ಎಂದಾಗಬಹುದಿತ್ತು. ಹಾಗಾಗಿ ಹಂಗೇರಿಯ ಪೊಲೀಸರ ಕೈಗೆ ಸಿಕ್ಕರೆ ಜರ್ಮನಿಯ ಆಸೆ ಬಿಡಬೇಕು ಎಂಬ ಹೆದರಿಕೆಯಲ್ಲಿ ಜನ ಜೋಳದ ಹೊಲಗಳಲ್ಲಿ ಅಡಗಿ ಸಾಗುತ್ತಿದ್ದರು. 2015ರ ಸೆಪ್ಟೆಂಬರ್ 15ಕ್ಕೆ ಬೇಲಿ ಹಾಕಿ ಗಡಿ ಮುಚ್ಚಿದರು. ಅಕ್ಕತಂಗಿಯರು ಅದಕ್ಕೆ ಮುಂಚೆ ದಾಟಿದ್ದರು. ಆ ಹೊಲವನ್ನು ನೇಯ್ದಂತೆ ಕಾಣುವ ನೇಗಿ ಹೊಲಿಗೆಯಲ್ಲಿ ಒತ್ತಾಗಿ ತುಂಬಿ, ಕೆಂಪು-ನೀಲಿ ದಾರವನ್ನು ಬಟ್ಟೆಯ ಹಿಂಬದಿಗೆ ಇಳಿಸಿ ಒಯ್ಯಬೇಕೆಂದಿದ್ದೇನೆ. ಆಗ ಮುಂದಿನಿಂದ ನೋಡಿದವರಿಗೆ ಅವರು ಕಾಣುವುದಿಲ್ಲ.

ಅಂಚಿಗೆ ಒಂದು ತಾರೀಖು ಬರುತ್ತದೆ: 2016ರ ಮಾರ್ಚ್ 5. ಯುಸ್ರಾಗೆ ಅಂದು 18 ತುಂಬಿತು. ಹದಿನೆಂಟರ ಒಳಗಿನ ನಿರಾಶ್ರಿತರು ತಂದೆತಾಯಿಯನ್ನು ಕರೆಸಿಕೊಳ್ಳಲು ಅವಕಾಶ ಇದ್ದುದರಿಂದ ಚಿತ್ರದಲ್ಲಿ ಇಡೀ ಪ್ರಯಾಣದ ಬೆನ್ನಿಗೆ ಆ ಗಡುವು ಬಿದ್ದಿರುತ್ತದೆ. ರಿಯೋ ಒಲಿಂಪಿಕ್ಸ್ ಬಟ್ಟೆಯ ಮೇಲೆ ಇರುವುದಿಲ್ಲ. ಹತ್ತು ಜನರ ಮೊದಲ ನಿರಾಶ್ರಿತರ ತಂಡ, 100 ಮೀಟರ್ ಬಟರ್‌ಫ್ಲೈ ಈಜಿನ ಆರಂಭಿಕ ಸುತ್ತಿನ ಹೀಟ್‌ನಲ್ಲಿ ಯುಸ್ರಾ ಮೊದಲು ಬಂದದ್ದು, ಎಲ್ಲವೂ ಸಂತೋಷದ ವಿಷಯವೇ. ಆದರೆ ಚಿತ್ರ ಅಲ್ಲಿ ಮಾಮೂಲಿ ಕ್ರೀಡಾಕಥೆಯ ದಾರಿ ಹಿಡಿಯುತ್ತದೆ, ಅಕ್ಕ ಬದಿಗೆ ಸರಿಯುತ್ತಾಳೆ.

ಆ ಅಕ್ಕನ ಕುರಿತೇ ಈ ವಾರ ಒಂದು ತೀರ್ಮಾನವಾಯಿತು. ಗವಂತಿಯಲ್ಲಿ ದಾರ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಆಗಲೇ ಎರಡೂ ಬದಿ ಒಂದೇ ಥರ ಕಾಣುವುದು. ನನ್ನ ಬಟ್ಟೆಯಲ್ಲಿ ಹೋಗುವ ದಾರ ಮಾತ್ರ ಇತ್ತು. ಧಾರವಾಡದಲ್ಲಿ ನನಗೆ ಕಸೂತಿ ಕಲಿಸಿದ ಅಕ್ಕಾರು ಅದನ್ನು ಕೈಯಲ್ಲಿ ಹಿಡಿದು, ಹಿಂದು ಮುಂದು ತಿರುಗಿಸಿ, “ಹೋಗೂ ದಾರ ಅಷ್ಟ ಹಾಕೀದಿ. ಹೊಳ್ಳಿ ಬರೂದು ಯಾವಾಗ?” ಅಂದರು.

“ಹೊಳ್ಳಿ ಹೋಗಾಕ ಅವರಿಗೆ ಮನೀನ ಉಳದಿಲ್ಲರಿ, ಅಕ್ಕಾರ.”

“ಅಕ್ಕ ಆದಾಕಿ ಹೊಳ್ಳಿ ಬಂದ್ಲಂತ ನೀನ ಹೇಳಿದ್ಯಲ್ಲ. ಎಲ್ಲೀ ತನಕಾ ಬಂದ್ಲು?”

ಲೆಸ್ಬೋಸ್ ತನಕ. ಸಾರಾ 2016ರಲ್ಲಿ ಸ್ವಯಂಸೇವಕಿಯಾಗಿ ಅದೇ ದ್ವೀಪಕ್ಕೆ ಹೋದಳು, ದೋಣಿಯಲ್ಲಿ ಬಂದವರಿಗೆ ನೆರವಾಗಲು. 2018ರಲ್ಲಿ ಅಲ್ಲಿಯೇ ಬಂಧನವಾಯಿತು, ನೂರಕ್ಕೂ ಹೆಚ್ಚು ದಿನ ಜೈಲು, ಆಮೇಲೆ ವರ್ಷಗಟ್ಟಲೆ ಮೊಕದ್ದಮೆ. ಜನರನ್ನು ನೀರಿನಿಂದ ಎಳೆದುಕೊಂಡದ್ದಕ್ಕೆ ಯಾರನ್ನಾದರೂ ಕಟಕಟೆಗೆ ಹತ್ತಿಸುವುದು ಅನ್ಯಾಯ, ಇದನ್ನು ಹೇಳಲು ನನಗೆ ಹಿಂಜರಿಕೆ ಇಲ್ಲ.

ಹಾಗಾಗಿ ಬರ್ಲಿನ್ ಮುಟ್ಟಿದ ಮೇಲೆ ಕೆಂಪು ಎಳೆಯೊಂದೇ ಮರಳಿ ಹೊರಡುತ್ತದೆ. ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಲೆಸ್ಬೋಸ್‌ಗೆ ಬಂದು ನಿಲ್ಲುತ್ತದೆ. ಅಲ್ಲಿಂದ ದಮಾಸ್ಕಸ್‌ವರೆಗೆ ತೆರಪುಗಳು ಹಾಗೇ ಇರುತ್ತವೆ. ಮರಳುವ ದಾರದ ಕೆಂಪು ಹೋಗುವ ದಾರದ ಕೆಂಪಿಗೆ ಕೂದಲೆಳೆಯಷ್ಟೂ ಬೇರೆಯಾಗಬಾರದು, ಅದಕ್ಕೆ ಅದೇ ಲಾಟಿನ ಲಡಿಗಳನ್ನು ಅಂಗಡಿಯವರಿಗೆ ಹೇಳಿ ತೆಗೆಸಿಟ್ಟಿದ್ದೇನೆ. ಮೊದಲು ಜೋಳದ ಹೊಲ. ನೇಗಿಗೆ ಹಸಿರು ದಾರ ಒಂದೆಳೆ ಸಾಕೋ ಎರಡು ಬೇಕೋ ಎಂದು ಚಿಕ್ಕ ತುಂಡಿನ ಮೇಲೆ ಹಾಕಿ ನೋಡುತ್ತಿದ್ದೇನೆ. ಒಂದೆಳೆಯಲ್ಲಿ ಹಿಂದಿನ ಕೆಂಪು ಇಣುಕುತ್ತಿದೆ, ಎರಡೇ ಆಗಬೇಕೇನೋ.