ಬಾಯಲ್ಲಿ ಹೇಳಿ, ಆಮೇಲೆ ಊದು

ಮೊನ್ನೆ ಭಾನುವಾರ ಮಂಗಳೂರಿನಲ್ಲಿ ಬೆಳಗಿನಿಂದ ಬಿಡದ ಮಳೆ. ಪಾಠಕ್ಕೆ ನಾನೊಬ್ಬನೇ. ಸ್ಯಾಕ್ಸೊಫೋನ್ ಪೆಟ್ಟಿಗೆ ತೆರೆಯುವ ಮೊದಲೇ ಮಾಸ್ಟ್ರ ಮುಂದೆ ಮೊಬೈಲ್ ಇಟ್ಟೆ.

"ಒಮ್ಮೆ ಕೇಳಿ ಮಾಸ್ಟ್ರೇ. ಹದಿನೈದು ದಿನದಿಂದ ಒದ್ದಾಡ್ತಿದ್ದೇನೆ, ನಾಲಗೆ ಓಡ್ತಾನೇ ಇಲ್ಲ."

ಅದು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್ 1958ರಲ್ಲಿ ಕೋಸ್ಟರ್ಸ್ ಎಂಬ ಗಾಯಕರ ತಂಡದ 'ಯಾಕೆಟಿ ಯಾಕ್' ಹಾಡಿಗೆ ನುಡಿಸಿದ ತುಣುಕು. ಮನೆಗೆಲಸ ಮಾಡು ಎಂದು ಗದರುವ ಅಪ್ಪ ಅಮ್ಮ, ಎದುರು ಮಾತಾಡುವ ಮಗ. ನಡುವೆ ಕರ್ಟಿಸರ ಟೆನರ್ ಸ್ಯಾಕ್ಸ್ ನುಗ್ಗುತ್ತದೆ. ಅರ್ಧ ನಿಮಿಷವೂ ಇಲ್ಲ. ಒಂದೊಂದು ಸ್ವರವನ್ನೂ ನಾಲಗೆಯಿಂದ ಕತ್ತರಿಸಿ ಬಿಡುತ್ತಾರೆ, ಕೋಳಿ ಕಾಳು ಹೆಕ್ಕಿದ ಹಾಗೆ. ನಮ್ಮ ಕರ್ನಾಟಕ ಸಂಗೀತದ ಪಾಠದಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವ ಬಳುಕು, ಬರಬೇಕಾದರೆ ಉಸಿರು ತುಂಡಾಗದೆ ಜಾರಬೇಕು. ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದ ನನ್ನ ಬಾಯಿಗೆ ಇದು ಬೇರೆಯೇ ಭಾಷೆ.

"ಯಾರಿವರು?" ಮಾಸ್ಟ್ರು ಕೇಳಿದರು.

ಹೇಳುತ್ತಾ ಹೋದೆ. 1934ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದವರು. ಕಾಲೇಜಿನ ಸ್ಕಾಲರ್‌ಶಿಪ್ ಬಿಟ್ಟು ಲಯೊನೆಲ್ ಹ್ಯಾಂಪ್ಟನ್ ಅವರ ಜಾಝ್ ಬ್ಯಾಂಡಿಗೆ ಹೋದವರು. ಆಮೇಲೆ ನ್ಯೂಯಾರ್ಕ್ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ಜೀವ ತುಂಬಿದವರು. ಅರೀಥಾ ಫ್ರಾಂಕ್ಲಿನ್ ಅವರ 1967ರ 'ರೆಸ್ಪೆಕ್ಟ್' ಹಾಡಿನ ನಡುವೆ ಬರುವ ಸ್ಯಾಕ್ಸ್ ಇವರದೇ. ಮೊದಲು ಹಾಡಿದ ಓಟಿಸ್ ರೆಡ್ಡಿಂಗ್ ಅವರದರಲ್ಲಿ ಆ ಜಾಗವೇ ಇರಲಿಲ್ಲ! ಬ್ಲೂಸ್ ಗಿಟಾರ್ ವಾದಕ ಫ್ರೆಡ್ಡಿ ಕಿಂಗ್ ಅವರ ಆಲ್ಬಂಗಳಿಗೆ ಪ್ರೊಡ್ಯೂಸರ್ ಕೂಡ ಆದರು.

ನನಗೆ ಜಾಸ್ತಿ ಇಷ್ಟ ಕರ್ಟಿಸರದೇ 'ಮೆಂಫಿಸ್ ಸೋಲ್ ಸ್ಟ್ಯೂ'. ಅಡುಗೆ ಹೇಳಿಕೊಡುವ ಹಾಗೆ, ಇಷ್ಟು ಬೇಸ್ ಹಾಕಿ, ಇಷ್ಟು ಡ್ರಮ್ಸ್ ಹಾಕಿ ಎಂದು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಎಲ್ಲರೂ ಬಂದ ಮೇಲೆ ತಾವು ಊದುತ್ತಾರೆ. ಪ್ರೊಡ್ಯೂಸರ್ ಆಗುವವರ ಕಿವಿ ಹೀಗಿರಬೇಕು, ಅಲ್ವಾ?

"ಈಗ ಇದ್ದಾರಾ?"

1971ರ ಆಗಸ್ಟ್ 13. ನ್ಯೂಯಾರ್ಕಿನಲ್ಲಿ ತಮ್ಮದೇ ಮನೆ ಮೆಟ್ಟಿಲ ಬಳಿ ಜಗಳ, ಚೂರಿ ಇರಿತ. 37 ವರ್ಷ. ಅಂತಿಮ ವಿದಾಯಕ್ಕೆ ಜನ ಒಳಗೆ ಬರುತ್ತಿದ್ದಾಗ ಅವರ ಬ್ಯಾಂಡ್ ಕಿಂಗ್‌ಪಿನ್ಸ್ ಅವರದೇ 'ಸೋಲ್ ಸೆರೆನೇಡ್' ನುಡಿಸಿತು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಮಾಸ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮತ್ತೆ ಮತ್ತೆ ಅದೇ ತುಣುಕು ಹಾಕಿಸಿದರು. ತೊಡೆ ಮೇಲೆ ತಾಳ ಹಾಕುತ್ತಾ ಮೆಲ್ಲಗೆ ಶುರು ಮಾಡಿದರು: "ತಕತಕ ತಕಿಟ, ತಕತಕ ತಕಿಟ... ಊದಬೇಡ. ಮೊದಲು ಬಾಯಲ್ಲಿ ಹೇಳು."

ಹೇಳಿದೆ. ಇಪ್ಪತ್ತು ಸಲವಾದರೂ ಹೇಳಿರಬೇಕು. ಆಮೇಲೆ ಸ್ಯಾಕ್ಸಿನ ಬಾಯಲ್ಲಿರುವ ತೆಳು ಪಟ್ಟಿ, ರೀಡ್, ಒದ್ದೆ ಮಾಡಿ ಊದಿದೆ. ಮೊದಲ ಸಾಲು ಬಂತು. ಎರಡನೆಯದು ಅರ್ಧ ಬಂತು.

"ಬರೆದುಕೋ," ಎಂದರು ಮಾಸ್ಟ್ರು. ಪಾಠದ ವರ್ಣಗಳನ್ನು (ಕರ್ನಾಟಕ ಸಂಗೀತದ ಅಭ್ಯಾಸದ ರಚನೆಗಳನ್ನು) ಬರೆಯುವ ನೋಟ್‌ಬುಕ್ಕಿನಲ್ಲೇ ಹೊಸ ಪುಟ ತೆಗೆದು ಮೇಲೆ ಕರ್ಟಿಸ್ ಎಂದು ಬರೆದೆ. ಕೆಳಗೆ, ತಕತಕ ತಕಿಟ.